ಬಲಗೈಯ ಆಟ

ಲಕ್ವಾ ಹೊಡೆದ ಮೇಲೆ ಶಾಹನವಾಜನ ಮಾತು ನಿಂತಿತು, ಬಲಗೈ ಸತ್ತಂತಾಯಿತು. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟಿದರೆ ಕೇಳಿ! ಆದರೆ ಮೂಲೆಯಲ್ಲಿದ್ದ ಫುಟ್‌ಬಾಲ್ ಯಂತ್ರದ ಹಿಡಿಕೆಗೆ ಆ ಕೈ ತಾನಾಗಿಯೇ ಹೋಗುತ್ತಿತ್ತು. ವಾಡಿಯ ಸಿಮೆಂಟ್ ಕಾರ್ಖಾನೆಯ ಕಾರ್ಮಿಕರ ಕ್ಲಬ್ಬು ಮುಚ್ಚಿದಾಗ ಗುಜರಿಗೆ ಹೊರಟಿದ್ದನ್ನು ಅವನೇ ಜಗಳವಾಡಿ ಮನೆಗೆ ತಂದಿದ್ದ. ಗಾಜಿನ ಪೆಟ್ಟಿಗೆಯೊಳಗೆ ಕಬ್ಬಿಣದ ಆಟಗಾರರು. ಹಿಡಿಕೆ ಒತ್ತಿದರೆ ಟಪ್ಪನೆ ಕಾಲು ಎತ್ತುತ್ತಿದ್ದರು.

ಆಗ ಅದನ್ನು ಸವತಿ ಎಂದು ಬೈದಿದ್ದ ಹೆಂಡತಿ ಮುಸರತಳೇ ಈಗ ದಿನಾ ಎದುರು ಕೂತು ಆಡುತ್ತಿದ್ದಳು. ಗಂಡ ಗೋಲು ಹೊಡೆಯಲೆಂದು, "ಅಯ್ಯ, ನನ್ನ ಹಿಡಿಕಿ ಸಿಕ್ಕೊಂತ್ರಿ!" ಎಂದು ನಾಟಕ ಮಾಡುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು.

ಹಳೇ ಆಟದ ಯಂತ್ರಗಳನ್ನು ಕೂಡಿಡುವ ಹುಚ್ಚಿನ ಸುರೇಶಕುಮಾರ ಕಲಬುರಗಿಯಿಂದ ಬಂದು ಕೇಳಿದಾಗ, "ಅದು ಮಷೀನ್ ಅಲ್ರಿ, ಇವರ ಕೈ. ಕೈ ಯಾರರ ಮಾರ್ತಾರೇನ್ರಿ?" ಎಂದು ಚಹಾ ಕುಡಿಸಿ ಕಳಿಸಿದ್ದಳು.

ರಂಜಾನ್ ಹಬ್ಬದ ಮುಂಚಿನ ದಿನ ಶಾಹನವಾಜ ಅವಳ ನಾಟಕವಿಲ್ಲದೆಯೇ ಗೋಲು ಹೊಡೆದು ನಕ್ಕ. ಆ ಖುಷಿಯಲ್ಲಿ ಮುಸರತಳ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಅವನು ಮಲಗಿದಾಗ, ಹಬ್ಬಕ್ಕೆ ಮನೆ ತೊಳೆಯುತ್ತಿದ್ದವಳು ಪೆಟ್ಟಿಗೆಯ ಹಿಂದಿನ ಹಲಗೆ ತೆಗೆದು ಅದಕ್ಕೂ ಬಕೆಟ್ ನೀರು ಸುರಿದಳು. ಮಾಳಿಗೆಯ ಮೇಲೆ ಕೂತ ಸಿಮೆಂಟಿನ ಧೂಳಿಗೆ ನೀರು ತಾಗಿಸಬಾರದು, ಒಣಗಿದ್ದಾಗಲೇ ಗುಡಿಸಬೇಕು ಎಂದು ಸೊಸೆಗೆ ಪಾಠ ಹೇಳಿದವಳೇ ಇವಳು. ಕ್ಲಬ್ಬು ಇದ್ದದ್ದು ಸಿಮೆಂಟ್ ಚೀಲ ತುಂಬುವ ಜಾಗದ ಪಕ್ಕದಲ್ಲಿ. ಯಂತ್ರದ ಹಲ್ಲುಚಕ್ರಗಳ ಸುತ್ತ ಅದೇ ಧೂಳು ಕೂತಿದೆಯೆಂದು ಅವಳಿಗೆ ಹೊಳೆಯಲೇ ಇಲ್ಲ.

ಹಬ್ಬದ ದಿನ ನೆಂಟರ ಗದ್ದಲದಲ್ಲಿ ಆಟವಾಗಲಿಲ್ಲ. ಮರುದಿನ ಶಾಹನವಾಜ ಹಿಡಿಕೆ ಒತ್ತಿದ. ಅಲುಗಲಿಲ್ಲ. ಹಣೆಯಲ್ಲಿ ಬೆವರೊಡೆಯುವವರೆಗೂ ಒತ್ತಿದ, ಆಮೇಲೆ ತನ್ನ ಕೈಯನ್ನೇ ನೋಡುತ್ತ ಕೂತ.

ಮುಸರತ ಫೋನ್ ಮಾಡಿ ಸುರೇಶಕುಮಾರನನ್ನು ಕರೆಸಿದಳು. ಶಾಹನವಾಜ ಒಳಗೆ ಮಲಗಿದ್ದ. ಸುರೇಶಕುಮಾರ ಹಲಗೆ ತೆಗೆದು ಬ್ಯಾಟರಿಯ ಬೆಳಕು ಬಿಟ್ಟು ನೋಡಿದ.

"ಆಪಾ, ಒಳಗೆಲ್ಲಾ ಕಲ್ಲಾಗೇದ. ಒಡೀಲಿಕ್ಕ ಹೋದ್ರ ಹಲ್ಲು ಮುರೀತಾವ. ಈಗ ಸುಮ್ನೆ ಕೊಟ್ರೂ ನನಗ ಬ್ಯಾಡ್ರಿ."

ಅವನು ಹೋದ ಮೇಲೆ ಮುಸರತ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ತಂದಳು.

"ನಿಮ್ಮ ಕೈದು ಏನೂ ತಪ್ಪಿಲ್ರಿ. ನಾನೇ ನೀರು ಹಾಕಿ ಕೆಡಿಸೀನಿ. ನೋಡ್ರಿಲ್ಲಿ, ನನಗೂ ಬರವಲ್ದು!" ಎಂದು ಎರಡೂ ಕೈಯಿಂದ ಹಿಡಿಕೆಗೆ ಜೋತುಬಿದ್ದಳು. ಆಣೆ ಇಟ್ಟಳು, ಅತ್ತಳು.

ಶಾಹನವಾಜ ಅವಳನ್ನು ಕನಿಕರದಿಂದ ನೋಡಿದ. ಈ ನಾಟಕ ಅವನು ದಿನಾ ಕಂಡದ್ದೇ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಶಾಲು ಮುಚ್ಚಿದ. ಆ ಕೈಯನ್ನು ಅವನು ಮತ್ತೆ ಹೊರಗೆ ತೆಗೆಯಲಿಲ್ಲ.