ಸೂತಕವಿಲ್ಲದ ಮನೆ

ಕೀನ್ಯಾಕ್ಕೆ ಬಂದಾಗಿನಿಂದ ಸಿರಿ ಅಪ್ಪಾಜಿಯ ಜೊತೆ ನೆಟ್ಟಗೆ ಒಂದು ಮಾತೂ ಆಡಿರಲಿಲ್ಲ. ಸಿಂಹ ತೋರಿಸಿದರೂ 'ಹೂಂ', ಜಿರಾಫೆ ತೋರಿಸಿದರೂ 'ಹೂಂ'. ಅಷ್ಟು ದೂರ ಕರೆತಂದ ಮಗಳು ಹೀಗೆ ಮುಖ ಗಂಟಿಕ್ಕಿಕೊಂಡು ಕೂತರೆ ಯಾವ ಅಪ್ಪನಿಗೆ ತಾನೇ ರೇಗುವುದಿಲ್ಲ? ಜಯದೇವಪ್ಪನವರಿಗೂ ರೇಗಿತ್ತು. ಆದರೆ ಮಗಳಿಗೇಕೆ ಸಿಟ್ಟು ಎಂದು ಅವರು ಒಂದು ಸಲವಾದರೂ ಕೇಳಿದ್ದರೆ ಹೇಳಿ. ಕೇಳುವ ಜಾಯಮಾನವೇ ಅವರದಲ್ಲ.

ಮಲೆನಾಡಿನ ಕಡಹಿನಬೈಲಿನಲ್ಲಿ ಅವರದೊಂದು ಹೋಂಸ್ಟೇ ಇದೆ. ಶನಿವಾರ ಬಂತೆಂದರೆ ಗೆಸ್ಟುಗಳು. ಕಾರು ನಿಂತ ಕೂಡಲೇ ಸಿರಿ ರೇಷ್ಮೆ ಸೀರೆ ಉಟ್ಟು ಬಾಗಿಲಿಗೆ ಬರಬೇಕು, ಬೆಲ್ಲ ನೀರು ಕೊಡಬೇಕು, ಆರತಿ ಎತ್ತಿ ಒಂದು ಸೋಬಾನೆ ಪದ ಹೇಳಬೇಕು. ಪದ ಅಜ್ಜಿಯದು. ಹೊಸ ಸೊಸೆಯನ್ನು ಮನೆತುಂಬಿಸಿಕೊಳ್ಳುವಾಗ ಹೇಳುವಂಥದ್ದು. ಅಜ್ಜಿ ಅದನ್ನು ತನ್ನ ಅತ್ತೆಯಿಂದ ಕಲಿತು, ಮೊಮ್ಮಗಳ ತಲೆ ಬಾಚುತ್ತಾ ಬಾಚುತ್ತಾ ಅವಳಿಗೆ ಕಲಿಸಿದ್ದಳು. ಜಯದೇವಪ್ಪನವರು ಅದನ್ನು 'ಟ್ರೆಡಿಷನಲ್ ವೆಲ್‌ಕಮ್' ಎಂದು ಬೋರ್ಡಿಗೆ ಹಾಕಿಸಿದರು. ಯಾರಾದರೂ ಗೆಸ್ಟು ವಿಡಿಯೋ ಸರಿ ಬರಲಿಲ್ಲ ಎಂದರೆ ಮತ್ತೊಮ್ಮೆ ಮೊದಲಿನಿಂದ ಹಾಡು. ಅದನ್ನೂ ಸಿರಿ ಹಲ್ಲು ಕಚ್ಚಿ ಸಹಿಸಿದ್ದಳು.

ಶ್ರಾವಣದಲ್ಲಿ ಅಜ್ಜಿ ತೀರಿಕೊಂಡಳು. ಶುಕ್ರವಾರ ಸಂಜೆ ಸಮಾಧಿ ಮಾಡಿ ಬಂದದ್ದು. ಮಾರನೆಯ ಬೆಳಿಗ್ಗೆ ಅಪ್ಪಾಜಿ ಕೋಣೆಯ ಬಾಗಿಲಲ್ಲಿ ನಿಂತು, "ಸೀರೆ ಉಟ್ಕಂಡು ಬಾ. ಗೆಸ್ಟ್ ಬರ್ತಾ ಇದಾರೆ" ಎಂದರು.

ಸಿರಿ ನಂಬಲಾರದೆ ಅಮ್ಮನ ಮುಖ ನೋಡಿದಳು. ನೀಲಾಂಬಿಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದರು.

"ಎಂತ ಹಂಗೆ ನೋಡ್ತೀಯ? ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ. ನಮ್ಮಲ್ಲಿ ಮೊದ್ಲಿಂದನೂ ಇಲ್ಲ."

ಸೂತಕವಿಲ್ಲವಂತೆ! ಎಂಥ ದೊಡ್ಡ ಮಾತನ್ನು ಎಂಥ ಸಣ್ಣ ಕೆಲಸಕ್ಕೆ ಎಳೆದು ತಂದರು. ಸಾವಾದ ಮನೆಯವರನ್ನು ಮೈಲಿಗೆಯೆಂದು ದೂರ ಇಡಬಾರದು ಎಂದು ಹಿರಿಯರು ಹೇಳಿದ್ದು. ಅತ್ತು ಅತ್ತು ಊದಿಕೊಂಡ ಹುಡುಗಿಯ ಮುಖಕ್ಕೆ ಪೌಡರು ಬಳಿದು ಹೊಸ್ತಿಲಲ್ಲಿ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಸಿರಿ ಹಾಡಿದಳು. ನಡುವೆ ಒಮ್ಮೆ ನಿಂತು ಕಣ್ಣು ಒರೆಸಿಕೊಂಡಳು. ಗೆಸ್ಟು ಹೆಂಗಸೊಬ್ಬಳು "ಸೋ ಇಮೋಷನಲ್" ಎಂದು ಚಪ್ಪಾಳೆ ತಟ್ಟಿದಳು.

ಆಮೇಲೆ ಸಿರಿ ಪರೀಕ್ಷೆಯ ನೆಪ ಹೇಳಿ, ಓದಲು ಇದ್ದ ಕೊಪ್ಪದ ಹಾಸ್ಟೆಲಿನಿಂದ ಯಾವ ಶನಿವಾರವೂ ಮನೆಗೇ ಬರಲಿಲ್ಲ. ದಸರಾ ರಜೆಗೆ ಈ ಪ್ರವಾಸ. ಕೀನ್ಯಾದವರು ಟೂರಿಸ್ಟುಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ತಿಳಿದಂತೆಯೂ ಆಯಿತು, ಮಗಳು ಸರಿಹೋದಂತೆಯೂ ಆಯಿತು, ಊರಿಗೆ ಹೋದ ಮೇಲೆ ಮತ್ತೆ ಹಾಡುತ್ತಾಳೆ ಎಂಬುದು ಅಪ್ಪಾಜಿಯ ಲೆಕ್ಕಾಚಾರ. ಇನ್ನು ಆ ಪದವನ್ನು ಯಾರ ಮೊಬೈಲಿಗೂ ಕೊಡುವುದಿಲ್ಲ ಎಂಬುದು ಸಿರಿಯ ಹಟ.

ಅವತ್ತು ಬೆಳಿಗ್ಗೆ ಸಫಾರಿಯಲ್ಲಿ ಆನೆಯ ಹಿಂಡು ಸಿಕ್ಕಿತು. ಆನೆಯೇನು ಅವರಿಗೆ ಹೊಸದಲ್ಲ, ಊರಲ್ಲಿ ಬಾಳೆ ಮುರಿಯಲು ಬಂದ ಆನೆಗಳಿಗೆ ಪಟಾಕಿ ಹೊಡೆದವರೇ. ಆದರೆ ಇಲ್ಲಿ ಗೈಡ್ ಜೀಪಿನ ಎಂಜಿನ್ ಆರಿಸಿದ. ಹುಲ್ಲಿನಲ್ಲಿ ಬಿಳಿಚಿದ ಮೂಳೆಗಳು ಬಿದ್ದಿದ್ದವು. ಆನೆಗಳು ಸುತ್ತ ನಿಂತಿದ್ದವು. ಒಂದು ಹೆಣ್ಣಾನೆ ಮೂಳೆಯೊಂದನ್ನು ಸೊಂಡಿಲಿನಿಂದ ಎತ್ತಿ, ತಿರುವಿ, ಮೆಲ್ಲಗೆ ಇದ್ದಲ್ಲೇ ಇಟ್ಟಿತು. ಈ ಹಿಂಡನ್ನು ನಡೆಸುತ್ತಿದ್ದ ಮುದಿ ಆನೆ ಇಲ್ಲೇ ಸತ್ತದ್ದು, ಈ ದಾರಿಯಲ್ಲಿ ಬಂದಾಗಲೆಲ್ಲ ಹೀಗೆ ನಿಲ್ಲುತ್ತವೆ ಎಂದು ಗೈಡ್ ಪಿಸುಗುಟ್ಟಿದ.

ಜಯದೇವಪ್ಪನವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನೋಡಿದ್ಯಾ ನೀಲಾ, ಮೂಕಪ್ರಾಣಿಗೂ ಎಷ್ಟು ಸಂಕಟ. ಮನಸ್ಸು ತುಂಬಿ ಬಂತು ಮಾರಾಯ್ತಿ."

ಸಿರಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಗೆ ಒಂದು ದಿನ ಕೊಡದ ಮನುಷ್ಯ ಆಫ್ರಿಕಾದ ಆನೆಗೆ ಕಣ್ಣೀರು ಹಾಕುತ್ತಿದ್ದಾನೆ! ಬಾಯಿ ತೆರೆದಳು. ಗೈಡ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ.

ಮಧ್ಯಾಹ್ನ ಮಸಾಯಿ ಜನರ ಹಳ್ಳಿಗೆ ಹೋದರು. ಕೆಂಪು ಬಟ್ಟೆ ಹೊದ್ದ ಗಂಡಸರು ನಿಂತಲ್ಲೇ ಎತ್ತರೆತ್ತರಕ್ಕೆ ನೆಗೆದರು. ಕತ್ತಿನ ತುಂಬ ಮಣಿ ಹಾಕಿದ ಹೆಂಗಸರು ಹಾಡಿದರು. ಒಬ್ಬಳು ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಎತ್ತಿಕೊಳ್ಳುವುದು. ಅಪ್ಪಾಜಿಯ ಮೊಬೈಲು ಇಳಿಯಲೇ ಇಲ್ಲ. ಹಾಡು ಮುಗಿದ ಮೇಲೆ ಹಿರಿಯ ಹೆಂಗಸೊಬ್ಬಳು ನಗುತ್ತಾ ಏನೋ ಅಂದಳು. ನಾವು ಹಾಡಿದೆವು, ಈಗ ನಿಮ್ಮ ಕಡೆಯದೊಂದು ಆಗಲಿ ಎನ್ನುತ್ತಿದ್ದಾಳೆ ಎಂದ ಗೈಡ್.

ಜಯದೇವಪ್ಪನವರು ಮೊಬೈಲನ್ನು ಮಗಳ ಕಡೆ ತಿರುಗಿಸಿದರು. "ಸಿರಿ, ಅಜ್ಜಿ ಪದ ಹೇಳು."

"ನಾನು ಹೇಳಲ್ಲ."

"ಎಲ್ಲರೂ ಕಾಯ್ತಾ ಇದಾರೆ. ಮರ್ಯಾದೆ ತೆಗೀಬೇಡ."

"ನಿಮ್ಮವ್ವನ ಪದ. ನೀವೇ ಹೇಳಿ."

"ಇನ್ನೂ ಅದನ್ನೇ ಹಿಡ್ಕಂಡು ಕೂತಿದೀಯಾ? ಸೂತಕ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲ."

"ಸೂತಕ ಇಲ್ಲ ಅಂದ್ರೆ ಅಳಬಾರದು ಅಂತಲ್ಲ ಅಪ್ಪಾಜಿ. ಆನೆ ಮುಂದೆ ಅತ್ರಲ್ಲ, ಅಜ್ಜಿ ಮುಂದೆ ಯಾಕೆ ಅಳ್ಲಿಲ್ಲ? ನೀವೂ ಅಳ್ಲಿಲ್ಲ, ನನ್ನನ್ನೂ ಅಳಕ್ಕೆ ಬಿಡ್ಲಿಲ್ಲ. ಮಣ್ಣು ಮಾಡಿ ಒಂದು ರಾತ್ರಿ ಕಳೆದಿತ್ತು ಅಷ್ಟೆ. ಅವಳ ಪದಾನ ಅವಳ ಹೊಸ್ತಿಲಲ್ಲೇ ನನ್ನ ಕೈಲಿ ಮಾರಿಸಿದ್ರಿ."

ಅಂಗಳದಲ್ಲಿದ್ದವರಿಗೆ ಕನ್ನಡ ತಿಳಿಯದು. ಜಗಳವೆಂದು ಎಲ್ಲರಿಗೂ ತಿಳಿಯಿತು. ನೀಲಾಂಬಿಕೆ ಮುಂದೆ ಬಂದು ಗಂಡನ ಕೈಯಿಂದ ಮೊಬೈಲು ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿದರು.

"ನೀವೇ ಹೇಳಿ. ಕೇಳಣ," ಎಂದರು.

ಜಯದೇವಪ್ಪನವರ ಮುಖ ಕಪ್ಪಿಟ್ಟಿತು. ಅದೇನು ಮಹಾ, ಹುಟ್ಟಿದಾಗಿನಿಂದ ಕೇಳಿದ ಪದ ಎಂಬಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಹೊಸ್ತಿಲ ತೊಳೆದೀನಿ, ಹೊತ್ತಾಯ್ತು ಬಾರವ್ವ, ಸೋಬಾನವೇ..."

ದನಿ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿಗೇ ನಿಂತಿತು. ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ಅಲ್ಲಿಗೇ ನಿಂತಿತು. ಹಾಡುವ ಕ್ರಮವೇ ಹೀಗಿರಬೇಕೆಂದುಕೊಂಡ ಮಸಾಯಿ ಹೆಂಗಸರು ಆ ಸಾಲನ್ನು ತಮಗೆ ಬಂದಂತೆ ಎತ್ತಿಕೊಂಡು ಒಟ್ಟಾಗಿ ಹಾಡಿದರು. ಹಾಡಿ, ಮುಂದಿನ ಸಾಲಿಗಾಗಿ ಅವರ ಮುಖ ನೋಡಿದರು.

ಮುಂದಿನ ಸಾಲು ಜಯದೇವಪ್ಪನವರಿಗೆ ಬರುತ್ತಿರಲಿಲ್ಲ. ಅಜ್ಜಿ ಇದ್ದಷ್ಟು ದಿನವೂ ಕೇಳಿ ಕಲಿತಿರಲಿಲ್ಲ.

"ಮುಂದೆ ಎಂತ, ಮಗಳೇ?" ಎಂದರು. ಕೇಳಿಸದಷ್ಟು ಸಣ್ಣ ದನಿ.

ಸಿರಿಗೆ ಇಡೀ ಪದ ಬರುತ್ತಿತ್ತು. ಅವಳು ಹೇಳಲಿಲ್ಲ.

ಹೆಂಗಸರು ಮರೆತವರಿಗೆ ನೆನಪು ಮಾಡಿಕೊಡುವಂತೆ ಅದೇ ಸಾಲನ್ನು ಇನ್ನೊಮ್ಮೆ ಹಾಡಿದರು. 'ಬಾರವ್ವ' ಎಂಬಲ್ಲಿಗೆ ಬರುವಷ್ಟರಲ್ಲಿ ಜಯದೇವಪ್ಪನವರು ಅಂಗಳದ ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕುಸಿದು ಕೂತಿದ್ದರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಅವ್ವಾ, ಅವ್ವಾ" ಎಂದು ದನಿ ತೆಗೆದು ಅತ್ತರು. ಹಾಡು ನಿಂತಿತು. ನೀಲಾಂಬಿಕೆ ಹೋಗಿ ಅವರ ಪಕ್ಕ ಕೂತರು.

ಸಿರಿ ನಿಂತಲ್ಲಿಂದ ಅಲ್ಲಾಡಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಳಲಿ ಎಂದುಕೊಂಡಳು.