ಜಾಲರಿಯ ಆಚೆ ಸಿಕ್ಕ ಕೈ

ಅವನು ಮುಳುಗುಗಾರ. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ತಳಕ್ಕಿಳಿದು, ಗೇಟಿನ ಮುಂದಿನ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ಕಸ ಬಿಡಿಸುವುದು ಅವನ ಕೆಲಸ. ಅವನ ಸೊಂಟದ ಹಗ್ಗ ಹಿಡಿದು ದೋಣಿಯಲ್ಲಿ ಕೂರುತ್ತಿದ್ದವನು ಅಕ್ಕನ ಗಂಡ. ಹನ್ನೊಂದು ವರ್ಷದಿಂದ ಹೀಗೇ: ಭಾವ ಮೇಲೆ, ಇವನು ಕೆಳಗೆ.

ಇವನಿಗಿದ್ದ ಒಂದೇ ಹುಚ್ಚು ಕೈಗಡಿಯಾರಗಳದು. ಎಲ್ಲ ಗಡಿಯಾರಗಳಲ್ಲ, ಸ್ವಿಟ್ಜರ್‌ಲೆಂಡಿನ ಒಂದು ಪುಟ್ಟ ಕಾರ್ಖಾನೆ ಮುಳುಗುಗಾರರಿಗೆಂದೇ ಮಾಡುತ್ತಿದ್ದಂಥವು ಮಾತ್ರ. ವರ್ಷಕ್ಕೆ ಮುನ್ನೂರು ಮಾಡಿದರೆ ಹೆಚ್ಚು. ಒಂದರ ಮುಳ್ಳುಗಳು ಗರಗಸದ ಹಾಗೆ, ಒಂದರ ಕೀಲಿ ಎಡಗಡೆ, ಇನ್ನೊಂದರ ಗಾಜು ಬಾಟಲಿಯ ತಳದಷ್ಟು ದಪ್ಪ. ಅಂಥ ಏಳು ಕೂಡಿಸಿದ್ದ. ರಜೆಯ ದಿನ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಒಂದೊಂದರ ಪಟ್ಟಿ ಬಿಚ್ಚಿ, ಮೆತ್ತನೆಯ ಬ್ರಶ್ಶಿನಿಂದ ಉಜ್ಜುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

“ನನ್ನ ಏಳು ಜನ ಸವತಿಯರಿಗೂ ಸ್ನಾನ ಆಯ್ತಾ?” ಎಂದು ಹೆಂಡತಿ ಕೇಳುತ್ತಿದ್ದಳು.

ಏಳನೆಯದು ಹೊಸದು. ಕಿತ್ತಳೆ ಬಣ್ಣದ ಮುಖ, ಆಮೆಯ ಬೆನ್ನಿನಂಥ ಉಕ್ಕಿನ ಕವಚ. ಆ ದಿನ ಬೆಳಿಗ್ಗೆ ಅದನ್ನು ಕಟ್ಟಿಕೊಂಡೇ ದೋಣಿ ಹತ್ತಿದ.

“ಇದೇನು ವಾಚೋ, ಡಬ್ಬಿ ಮುಚ್ಚಳಾನೋ? ಬಿಚ್ಚಿಟ್ಟು ಇಳಿಯಪ್ಪ,” ಎಂದ ಭಾವ.

“ನೀರಿಗೇ ಅಂತ ಮಾಡಿರೋದು ಭಾವ. ಪಟ್ಟಿಗೆ ಎರಡೆರಡು ಲಾಕು. ಮೊಸಳೆ ಎಳೆದ್ರೂ ಬರಲ್ಲ.”

ಅರವತ್ತು ಅಡಿ ಕೆಳಗೆ ಕೆಸರುಗತ್ತಲು. ತಲೆಯ ದೀಪದ ಬೆಳಕು ಮೊಳದುದ್ದವೂ ಹೋಗುತ್ತಿರಲಿಲ್ಲ. ಗೇಟು ಪೂರ್ತಿ ಮುಚ್ಚಿದೆ ಎಂದು ಗೇಟಿನ ಕೋಣೆಯವರು ಹೇಳಿದ್ದರು. ಮುಚ್ಚಿರಲಿಲ್ಲ. ಅದರ ಬುಡದಲ್ಲಿ ಕಸ ಸಿಕ್ಕಿ ಒಂದು ಗೇಣು ಸಂದು ಉಳಿದಿತ್ತು. ಜಾಲರಿಗೆ ಅಡ್ಡ ಬಿದ್ದಿದ್ದ ಹಲಗೆಯೊಂದು ಆ ಸಂದಿನ ಕಡೆಗಿನ ನೀರಿನ ಸೆಳೆತವನ್ನು ತಡೆದು ಹಿಡಿದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಹಲಗೆಯನ್ನು ಕಿತ್ತ.

ನೀರು ಅವನ ಎಡಗೈಯನ್ನು ಎರಡು ಸರಳುಗಳ ನಡುವೆ ಮೊಣಕೈವರೆಗೆ ಎಳೆದುಕೊಂಡಿತು. ಭುಜ ಜಾಲರಿಗೆ ಬಡಿಯಿತು. ಕೈಯನ್ನು ಹಿಂದಕ್ಕೆಳೆದ. ಮಣಿಕಟ್ಟಿನ ತನಕ ಬಂದು ನಿಂತಿತು. ಓರೆಯಾಗಿ ಒಳಹೊಕ್ಕಿದ್ದ ಗಡಿಯಾರ ಆಚೆ ಬದಿಯಲ್ಲಿ ಅಡ್ಡಲಾಗಿ ತಿರುಗಿ ಸರಳುಗಳಿಗೆ ಕಚ್ಚಿಕೊಂಡಿತ್ತು.

“ಭಾವ, ಕೈ ಸಿಕ್ಕೊಂಡಿದೆ,” ಎಂದ ಮುಖವಾಡದೊಳಗಿನ ಮೈಕಿನಲ್ಲಿ. “ಗೇಟು ಪೂರ್ತಿ ಇಳಿಸೋಕೆ ಹೇಳಿ. ಬೇಗ.”

ಭಾವ ಗೇಟಿನ ಕೋಣೆಗೆ ಫೋನು ಮಾಡುವುದು ಕೇಳಿಸಿತು. ಆಮೇಲೆ ಬಂದ ದನಿ ಬೇರೆಯವರದೇನೋ ಅನ್ನುವಷ್ಟು ಸಣ್ಣದಾಗಿತ್ತು.

“ಮೋಟರು ಕೆಟ್ಟಿದೆಯಂತೆ. ಕೈಯಲ್ಲೇ ತಿರುಗಿಸ್ತಾರಂತೆ. ಇಪ್ಪತ್ತು ನಿಮಿಷ ಬೇಕಂತೆ. ಗಾಳಿ ಎಷ್ಟಿದೆ ನಿಂಗೆ?”

ಸರಳುಗಳ ಆಚೆ ಕತ್ತಲಲ್ಲಿ ಗಡಿಯಾರದ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. ಇಳಿದು ಇಪ್ಪತ್ತೆರಡು ನಿಮಿಷ. ತಂದದ್ದು ಮೂವತ್ತೈದು ನಿಮಿಷದ ಗಾಳಿ.

“ಹದಿಮೂರು.”

ಹದಿಮೂರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹೆದರಿದವನ ಉಸಿರು ಗಾಳಿಯನ್ನು ಎರಡರಷ್ಟು ತಿನ್ನುತ್ತದೆ.

ಪಟ್ಟಿ ಉಕ್ಕಿನದು, ಚಾಕುವಿಗೆ ಬಗ್ಗದು. ಬಿಚ್ಚಲೇಬೇಕು. ಬಿಚ್ಚಬೇಕಾದರೆ ಬಲಗೈಯನ್ನೂ ಪಕ್ಕದ ಸಂದಿನಲ್ಲಿ ತೂರಿಸಬೇಕು. ಅದೂ ಸಿಕ್ಕಿಕೊಂಡರೆ? ಎರಡೂ ಕೈ ಚಾಚಿ ಜಾಲರಿಯನ್ನು ತಬ್ಬಿಕೊಂಡಂತೆ ನಿಂತ ತನ್ನ ಹೆಣ ಅವನ ಕಣ್ಣಿಗೆ ಕಟ್ಟಿತು. ಎರಡು ನಿಮಿಷ ಸುಮ್ಮನೆ ನಿಂತುಬಿಟ್ಟ.

“ಏನಾದ್ರೂ ಮಾಡೋ,” ಎಂದ ಭಾವ. “ನಿಮ್ಮಕ್ಕಂಗೆ ನಾನೇನು ಹೇಳ್ಲಿ?”

ಭಾವ ಅಳುತ್ತಿದ್ದ. ಅದನ್ನು ಕೇಳಿ ಅವನ ಹೆದರಿಕೆ ಇನ್ನಷ್ಟಾಯಿತು, ಆದರೆ ಕೈ ಆಡಿತು. ಬಲಗೈಯ ಗ್ಲೌಸನ್ನು ಹಲ್ಲಿನಲ್ಲಿ ಎಳೆಯೋಣವೆಂದರೆ ಮುಖಕ್ಕೆಲ್ಲ ಮುಖವಾಡ. ಸರಳಿಗೆ ತಿಕ್ಕಿ ತಿಕ್ಕಿ ಕಳಚಿದ. ಬೆರಳುಗಳನ್ನು ಸಂದಿನಲ್ಲಿ ಇಳಿಸಿದ. ಸೆಳೆತ ಅವನ್ನೂ ಹಿಡಿದೆಳೆಯಿತು.

ಪಟ್ಟಿಯ ಲಾಕು ಕಣ್ಣಿಗೆ ಕಾಣುತ್ತಿರಲಿಲ್ಲ. ಮೇಜಿನ ಮೇಲೆ ನೂರು ಸಲ ಬಿಚ್ಚಿದ್ದು ಬೆರಳಿಗೆ ನೆನಪಿತ್ತು. ಮೊದಲು ಮೇಲಿನ ಪುಟ್ಟ ಮುಚ್ಚಳ. ಎತ್ತಿದ. ಆಮೇಲೆ ಎರಡೂ ಬದಿಯ ಗುಂಡಿಗಳನ್ನು ಒಟ್ಟಿಗೇ ಒತ್ತಬೇಕು. ಒಂದು ಒತ್ತಿಕೊಂಡಿತು, ಇನ್ನೊಂದು ಒತ್ತಿಕೊಳ್ಳಲಿಲ್ಲ. ಮರಳು ಹೊಕ್ಕಿತ್ತು.

ಮತ್ತೆ ಒತ್ತಿದ. ಮತ್ತೆ. ಉಸಿರು ಎಳೆದರೆ ಈಗ ಗಾಳಿ ಬಿಗಿಯಾಗಿ, ದಾರ ಎಳೆದಂತೆ ಬರುತ್ತಿತ್ತು. ಉಗುರನ್ನು ಗುಂಡಿಯ ಅಂಚಿಗೆ ಕೊಟ್ಟು ಮೀಟಿದ. ಉಗುರು ಕಿತ್ತು ಬಂತು. ಗುಂಡಿ ಒಳಗೆ ಹೋಯಿತು.

ಪಟ್ಟಿ ಬಾಯಿಬಿಟ್ಟಿತು. ಮಣಿಕಟ್ಟಿನ ಚರ್ಮವನ್ನು ಸುಲಿದುಕೊಂಡು ಗಡಿಯಾರ ಕೈಯಿಂದ ಜಾರಿತು. ಹಸಿರು ಚುಕ್ಕೆ ಗೇಟಿನ ಸಂದಿನ ಕಡೆ ಓಡಿ ಆರಿತು.

“ಎಳೀರಿ ಭಾವ!”

ದೋಣಿಯ ಅಂಚಿಗೆ ಬಂದಾಗ ಭಾವ ಅವನ ಮುಖವಾಡ ಕಿತ್ತೆಸೆದ. ಇಬ್ಬರೂ ಒಬ್ಬರನ್ನೊಬ್ಬರು ಬಯ್ಯುತ್ತ, ಕೆಮ್ಮುತ್ತ, ತಬ್ಬಿಕೊಂಡು ಕೂತರು. ಗೇಟು ಪೂರ್ತಿ ಮುಚ್ಚಿತೆಂಬ ಫೋನು ಬಂದದ್ದು ಆಮೇಲೆ ಒಂಬತ್ತು ನಿಮಿಷಕ್ಕೆ.

ಮಣಿಕಟ್ಟಿನ ಮೂಳೆ ಎರಡು ಕಡೆ ಬಿರಿದಿತ್ತು, ಕೂಡಿಕೊಂಡಿತು. ಆ ಕೈಯ ಹೆಬ್ಬೆರಳಿನ ತುದಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಉಳಿದ ಆರು ಗಡಿಯಾರಗಳನ್ನು ಅವನು ಮಾರಲಿಲ್ಲ, ಕಟ್ಟಿಕೊಳ್ಳಲೂ ಇಲ್ಲ.

ಪ್ಲಾಸ್ಟರು ತೆಗೆದ ಮರುದಿನ ಬೆಳಿಗ್ಗೆ ಹೆಂಡತಿ ಅವನಿಗೆ ಅಂಗಿ ತೊಡಿಸುತ್ತಿದ್ದಳು. ಎಡಗೈ ಅಂಗಿಯ ತೋಳಿನೊಳಗೆ ಇಳಿಯುತ್ತ, ತುದಿಯ ಬಿಗಿಯಾದ ಪಟ್ಟಿಯ ಹತ್ತಿರ ಒಂದು ಕ್ಷಣ ನಿಂತಿತು. ಅವನು ಕಿರುಚಿದ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ.

ಅವಳು ಕೈಬಿಡಲಿಲ್ಲ. “ಇಲ್ಲೇ ಇದೀನಿ. ಅಂಗಿ ಇದು, ಬರೀ ಅಂಗಿ,” ಎನ್ನುತ್ತ ಗುಂಡಿ ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ಹೊರಗೆ ತಂದಳು.