ತಿದ್ದುಪಡಿ ಇದ್ದಲ್ಲಿ

ಏಳು ಜಾಡಿಗಳಲ್ಲಿ ಎರಡು ಆಗಲೇ ಟಪ್ ಎಂದಿದ್ದವು. ವೆರೀನಾ ಕೊನೆಯದನ್ನು ಇಕ್ಕಳದಿಂದ ಎತ್ತಿ, ಕುದಿನೀರು ಸೋರಿಸಿ, ಮಡಿಸಿದ ಟವೆಲಿನ ಮೇಲೆ ಇಟ್ಟಳು. ಒಳಗೆ ಎಳೆ ಸೌತೆಕಾಯಿಗಳು ಸಬ್ಬಸಿಗೆ ಕಡ್ಡಿಗೆ ಒರಗಿ ನಿಂತಿದ್ದವು. ಜಾಡಿ ತಣಿಯುತ್ತಾ ಮುಚ್ಚಳ ಒಳಕ್ಕೆ ಎಳೆದುಕೊಂಡು ಟಪ್ ಎಂದರೆ ಗಾಳಿಯಾಡುವುದಿಲ್ಲ, ವಸಂತದವರೆಗೂ ನಿಲ್ಲುತ್ತದೆ. ಅನ್ನದಿದ್ದರೆ ಈ ವಾರವೇ ತಿಂದು ಮುಗಿಸಬೇಕು. ಮದುವೆಯಾದಾಗಿನಿಂದ ಪ್ರತಿ ಆಗಸ್ಟಿನಲ್ಲೂ ಅವಳು ಹೀಗೆ ಕಿವಿಕೊಟ್ಟು ಎಣಿಸುತ್ತಾ ಬಂದಿದ್ದಳು.

ಇವತ್ತು ಎಣಿಸುವುದೇ ಕಷ್ಟವಾಗಿತ್ತು. ಅಡುಗೆಮನೆಯ ಮೇಜಿನ ಬಳಿ ಅವಳ ಗಂಡ ಲಿಯಾಂಡರ್, ಮೈದುನ ಸಿಲ್ವೆಸ್ಟರ್ ಕೂತು, ಜಾಡಿಗೆ ಹಿಡಿಸದೆ ಉಳಿದ ಸೌತೆಕಾಯಿಗೆ ಉಪ್ಪು ಹಚ್ಚಿ ಕಚ್ಚುತ್ತಾ ಜಗಳವಾಡುತ್ತಿದ್ದರು.

"ಅತ್ತಿಗೆ, ನೀವು ಸ್ವಲ್ಪ ಕಿವಿ ಮುಚ್ಕೊಳ್ಳಿ," ಎಂದ ಸಿಲ್ವೆಸ್ಟರ್. "ನಿಮ್ಮ ಮನಸ್ಸು ಕೆಡಿಸಿದ ಪಾಪ ನನಗೆ ಬೇಡ."

"ಮುಚ್ಕೊಂಡೇ ಇದೀನಿ ಕಣಪ್ಪ. ಆದ್ರೆ ನಿನ್ನ ಪಿಸುಮಾತು ಹೊಲದಲ್ಲಿರೋ ಹಸುಗೂ ಕೇಳಿಸ್ತಿದೆ."

ಕಿಟಕಿಯ ಕಟ್ಟೆಯ ಮೇಲೆ, ಅಡುಗೆಗೆಂದು ಬೆಳೆಸಿದ ಪಾರ್ಸ್ಲಿ ಸೊಪ್ಪಿನ ಕುಂಡಕ್ಕೆ ಒರಗಿಸಿಟ್ಟ ಆ ಕಾರ್ಡೇ ಇದಕ್ಕೆಲ್ಲ ಮೂಲ. ಸುತ್ತಲಿನ ಎಂಟು ಊರುಗಳ ಬೇಸ್‌ಬಾಲ್ ಲೀಗಿನಲ್ಲಿ ವರ್ಷದ ಅತ್ಯುತ್ತಮ ಪಿಚರ್, ಅಂದರೆ ಚೆಂಡು ಎಸೆಯುವವನು, ಯಾರೆಂದು ಹೇಳುವ ಹಕ್ಕು ಆಟಗಾರರಿಗಿಲ್ಲ, ತರಬೇತುದಾರರಿಗಿಲ್ಲ. ಪ್ರತಿ ಊರಿನಲ್ಲೂ ಆಟದ ಲೆಕ್ಕದ ಪುಸ್ತಕ ಬರೆಯುವ ಒಬ್ಬರಿಗೆ ಮಾತ್ರ. ಈ ಊರಿನಲ್ಲಿ ಅದು ವೆರೀನಾ. ಎಂಟು ಕಾರ್ಡು, ಎಂಟು ಹೆಸರು, ಸಹಿ ಇಲ್ಲ. ಅಂಚೆಯ ಮುದ್ರೆಯಿಂದ ಊರು ಗೊತ್ತಾಗಬಾರದೆಂದು ಎಲ್ಲರೂ ಜಿಲ್ಲಾ ಕೇಂದ್ರಕ್ಕೇ ಹೋಗಿ ಕಾರ್ಡು ಹಾಕುತ್ತಿದ್ದರು.

"ಹೋದ ವರ್ಷ ಎಂಟರಲ್ಲಿ ಐದು ಜನ ಒಂದೇ ಅಂಚೆ ಡಬ್ಬದ ಮುಂದೆ ಸಿಕ್ಕಿಬಿದ್ರಂತೆ," ಸಿಲ್ವೆಸ್ಟರ್ ನಕ್ಕ. "ಎಲ್ಲರೂ ಅಂಗಿ ಗುಂಡಿ ತಗೊಳ್ಳೋಕೆ ಬಂದಿದ್ವಿ ಅಂದ್ರಂತೆ. ನಮ್ಮ ಊರಿನ ಪುಸ್ತಕ ಬರೆಯೋ ಹರ್ಬ್‌ಗೆ ಗುಂಡಿ ಯಾತಕ್ಕೆ? ಅವನ ಅಂಗಿಗೆ ಇರೋದೇ ಎರಡು."

"ನಾನು ನಿಜವಾಗ್ಲೂ ಗುಂಡೀನೇ ತಗೊಂಡೆ," ಎಂದಳು ವೆರೀನಾ.

ಟಪ್. ಮೂರು.

ಲಿಯಾಂಡರ್ ಲೀಗಿನ ಅಚ್ಚಾದ ಹಾಳೆಯನ್ನು ಬೆರಳಿಂದ ಕುಟ್ಟಿದ. "ಇಲ್ಲಿ ನೋಡೋ. ನಮ್ಮ ಕರ್ಟ್ ಒಂಬತ್ತು ಇನಿಂಗ್ಸಿಗೆ ಬಿಟ್ಟಿರೋದು ಸರಾಸರಿ ಒಂದು ರನ್. ಬರೀ ಒಂದು! ನಿಮ್ಮ ಕ್ಲಿಯರ್ ಕ್ರೀಕ್ ಮುದುಕಂದು?"

"ಒಂದೂ ಚಿಲ್ಲರೆ. ಆದ್ರೆ ನಾರ್ಬರ್ಟ್ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲಿನ ಲಾರಿ ಓಡಿಸಿ ಬಂದು ಎಸೀತಾನೆ. ನಿಮ್ಮ ಕರ್ಟ್‌ನ ಭಾನುವಾರ ಮಧ್ಯಾಹ್ನ ಎಬ್ಬಿಸೋಕೇ ಇಬ್ಬರು ಬೇಕು."

"ಪ್ರಶಸ್ತಿ ಚೆಂಡು ಎಸೆಯೋದಕ್ಕೋ, ಬೇಗ ಏಳೋದಕ್ಕೋ?"

"ನಲವತ್ತೊಂದು ವರ್ಷ ಕಣಣ್ಣ ಅವನಿಗೆ! ಎಡಗೈ!"

"ಅವನ ಚೆಂಡು ಬರೋಷ್ಟರಲ್ಲಿ ಬ್ಯಾಟ್ ಹಿಡಿದವನು ಒಂದು ಜೊಂಪು ತೆಗೆದಿರ್ತಾನೆ. ಅದಕ್ಕೇ ಯಾರೂ ಹೊಡೆಯಲ್ಲ."

"ಹೊಡೆಯಲ್ಲ ಅಂತ ನೀನೇ ಒಪ್ಕೊಂಡ್ಯಲ್ಲ!" ಸಿಲ್ವೆಸ್ಟರ್ ಮೇಜು ತಟ್ಟಿದ. ಅವನು ಕ್ಲಿಯರ್ ಕ್ರೀಕಿನ ಹುಡುಗಿಯನ್ನು ಮದುವೆಯಾಗಿ ಆ ಊರಿಗೆ ಹೋದವನು. ಹತ್ತೊಂಬತ್ತು ವರ್ಷದಿಂದ ಅಣ್ಣ ಅವನನ್ನು ಕ್ಷಮಿಸಿರಲಿಲ್ಲ.

ವೆರೀನಾ ಬೆನ್ನು ತಿರುಗಿಸಿ ಒಲೆ ಒರೆಸಿದಳು. ಆ ಒಂದು ರನ್ನಿನ ಲೆಕ್ಕ ಎಲ್ಲಿಂದ ಬಂತೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಜೂನ್ ಎರಡನೆಯ ಭಾನುವಾರ. ಕರ್ಟ್ ಎಸೆಯುತ್ತಿದ್ದ. ಅವನು ಅವಳ ತಂಗಿ ರೊಸೆಲ್ಲಾಳ ಮಗ. ರೊಸೆಲ್ಲಾ ಪಕ್ಕದಲ್ಲೇ ಕೂತಿದ್ದಳು, ಪ್ರತಿ ಎಸೆತಕ್ಕೂ ಅಕ್ಕನ ತೋಳು ಹಿಡಿಯುತ್ತಾ. ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಎದುರಾಳಿಗಳ ಆ ಸರದಿ ಮುಗಿಯುತ್ತಿತ್ತು. ಆಗ ಒಂದು ಚೆಂಡು ನೆಲಕ್ಕಂಟಿಕೊಂಡು ಡೆನಿಸ್‌ನ ಎಡಕ್ಕೆ ಹಾರಿತು. ಡೆನಿಸ್ ಎರಡನೆಯ ಮತ್ತು ಮೂರನೆಯ ಬೇಸ್‌ನ ನಡುವೆ ನಿಲ್ಲುವ, ಕರ್ಟ್‌ನ ತಂಡದವನೇ. ಮೈ ಚೆಲ್ಲಿ ಬಿದ್ದ, ಚೆಂಡು ಹೋಯಿತು. ಅಂಥದ್ದನ್ನು ಯಾರೂ ಹಿಡಿಯಲಾರರು. ಅದು ಬ್ಯಾಟಿನವನ ಒಳ್ಳೆಯ ಹೊಡೆತ. ಹಾಗೆ ಬರೆದಿದ್ದರೆ ಆಮೇಲೆ ಬಂದ ಮೂರು ರನ್ನೂ ಕರ್ಟ್‌ನ ತಲೆಗೆ ಬರುತ್ತಿದ್ದವು. ಹಿಡಿಯಬೇಕಾದ್ದನ್ನು ಡೆನಿಸ್ ಬಿಟ್ಟ ಎಂದು ಬರೆದರೆ ಒಂದೂ ಬರುವುದಿಲ್ಲ. "ಅಕ್ಕಾ," ಎಂದಿದ್ದಳು ರೊಸೆಲ್ಲಾ, ಅಷ್ಟೇ. ವೆರೀನಾಳ ಪೆನ್ಸಿಲ್ ಡೆನಿಸ್‌ನ ತಪ್ಪು ಎಂದು ಗುರುತು ಹಾಕಿತು. ಹಾಕಿದ ಮೇಲೆ ಅದು ನಿಜವೇ ಇರಬೇಕೆಂದು ಅವಳಿಗೂ ಒಂದು ವಾರ ಅನ್ನಿಸಿತು.

ಯಾರೂ ಪ್ರಶ್ನಿಸಲಿಲ್ಲ. ಇಪ್ಪತ್ತಾರು ವರ್ಷದಿಂದ ಯಾರೂ ಪ್ರಶ್ನಿಸಿರಲಿಲ್ಲ. ಈ ಮನೆಯಲ್ಲಿ ಟ್ರ್ಯಾಕ್ಟರ್ ಯಾವುದು, ಗೋಡೆಗೆ ಬಣ್ಣ ಯಾವುದು, ಹಬ್ಬಕ್ಕೆ ಯಾರ ಮನೆ ಎಂಬ ಎಲ್ಲದರಲ್ಲೂ ಅವಳ ಮಾತಿಗೆ ಇನ್ನೊಂದು ಮಾತು ಇದ್ದೇ ಇತ್ತು. ಆ ಹಸಿರು ರಟ್ಟಿನ ಪುಸ್ತಕದಲ್ಲಿ ಮಾತ್ರ ಅವಳು ಬರೆದದ್ದೇ ಕೊನೆ. ಕೈ ಕೈ ಮಿಲಾಯಿಸುವಂತಿದ್ದ ಗಂಡಸರು ಕೂಡ "ವೆರೀನಾ ಏನು ಬರೆದಳು?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಆದರೆ ಪ್ರತಿ ಭಾನುವಾರ ಪೆನ್ಸಿಲ್ ಚೂಪು ಮಾಡುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹಿಂಬಾಗಿಲ ಬಳಿ ಯಾರೋ ಕೆಮ್ಮಿದರು. ದನ, ಕೋಳಿಗೆ ದಾಣಿ ಮಾರುವ ಅಂಗಡಿಯ ಡೆನಿಸ್, ಹೆಗಲ ಮೇಲೆ ಕೋಳಿ ಮೇವಿನ ಚೀಲ.

"ಓ ಜರಡಿ ಬಂದ!" ಲಿಯಾಂಡರ್ ಕೂಗಿದ. "ಹುಷಾರಪ್ಪ, ಚೀಲ ಕೈಜಾರೀತು!"

"ಜರಡೀನಾ?" ಎಂದ ಸಿಲ್ವೆಸ್ಟರ್.

"ಜೂನ್‌ನಲ್ಲಿ ಒಂದು ಚೆಂಡು ಬಿಟ್ನಲ್ಲ, ಮಾರನೇ ದಿನ ಯಾರೋ ಇವನ ಅಂಗಡಿ ಬಾಗಿಲಿಗೆ ಜರಡಿ ನೇತು ಹಾಕಿದ್ರು. ಅವತ್ತಿಂದ ಅದೇ ಹೆಸರು."

ಡೆನಿಸ್ ಚೀಲ ಇಳಿಸಿ ನಕ್ಕ. ಮೂವತ್ತರ ಆಸುಪಾಸಿನ, ಕಿವಿ ಬೇಗ ಕೆಂಪಾಗುವ ಮನುಷ್ಯ. "ಜರಡಿ ಒಳ್ಳೇದೇ ಇತ್ತು. ನಮ್ಮಮ್ಮ ಈಗ ಅದರಲ್ಲೇ ಹಿಟ್ಟು ಜರಡಿ ಹಿಡೀತಾಳೆ."

"ಬಾ, ಒಂದು ಸೌತೆಕಾಯಿ ತಿನ್ನು," ಎಂದಳು ವೆರೀನಾ. ಆಮೇಲೆ, ಗಂಡಸರು ಮತ್ತೆ ಹಾಳೆಯ ಮೇಲೆ ಬಗ್ಗಿದಾಗ, ಅವನಿಗಷ್ಟೇ ಕೇಳುವಂತೆ ಕೇಳಿದಳು. "ಆ ಚೆಂಡು ನಿನ್ನ ಕೈಗೆ ತಾಗಿತ್ತಾ, ಡೆನಿಸ್?"

ಅವನು ಸೌತೆಕಾಯಿ ಅಗಿಯುತ್ತಾ ಯೋಚಿಸಿದ. "ತಾಗಿದ್ದು ನನಗೇನೂ ನೆನಪಿಲ್ಲ ಅಮ್ಮ. ಒಂದು ಮೊಳ ದೂರ ಹೋಯ್ತು ಅಂತಲೇ ಅಂದ್ಕೊಂಡಿದ್ದೆ. ಆಮೇಲೆ ನೀವು ತಪ್ಪು ಅಂತ ಬರೆದ್ರಿ ಅಂತ ಗೊತ್ತಾಯ್ತು. ನೀವು ಬರೆದಿದ್ದೀರಿ ಅಂದ್ಮೇಲೆ ತಾಗಿರಬೇಕು." ಭುಜ ಕುಣಿಸಿದ. "ಬೇಸಿಗೆ ಪೂರ್ತಿ ಅಂಗಡಿ ಹಿಂದೆ ಗೋಡೆಗೆ ಚೆಂಡು ಹೊಡ್ಕೊಂಡು ಎಡಗಡೆ ಹಿಡಿಯೋದನ್ನ ಅಭ್ಯಾಸ ಮಾಡ್ದೆ. ಸ್ವಲ್ಪ ಸುಧಾರಿಸಿದೀನಿ, ಅಲ್ವಾ?"

"ಹೌದು," ಎಂದಳು ವೆರೀನಾ. "ಸುಧಾರಿಸಿದೀಯ."

ಅವನು ಹೋದ. ಅವಳು ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು. ಕಣ್ಣಾರೆ ಕಂಡದ್ದನ್ನು ಬಿಟ್ಟು ಅವನು ಅವಳ ಪೆನ್ಸಿಲನ್ನು ನಂಬಿದ್ದ.

ಟಪ್, ಟಪ್. ಐದು.

ದಾರಿ ಸುಲಭವಾಗಿಯೇ ಇತ್ತು. ಕಾರ್ಡಿನಲ್ಲಿ ನಾರ್ಬರ್ಟ್ ಎಂದು ಬರೆದು ಹಾಕಿಬಿಡುವುದು. ಸಹಿ ಇಲ್ಲ, ಮುದ್ರೆಯಿಂದ ಊರು ತಿಳಿಯುವುದಿಲ್ಲ. ರೊಸೆಲ್ಲಾಳಿಗೆ ಗೊತ್ತಾಗುವುದಿಲ್ಲ, ಪುಸ್ತಕವೂ ಹಾಗೇ ಇರುತ್ತದೆ. ಆದರೆ ಉಳಿದ ಏಳು ಜನ ಅವಳು ಬರೆದ ಅಂಕಿಯನ್ನೇ ನಂಬಿ ಕರ್ಟ್‌ನ ಹೆಸರು ಬರೆಯುತ್ತಾರೆ. ಡೆನಿಸ್ ಜರಡಿಯಾಗಿಯೇ ಉಳಿಯುತ್ತಾನೆ.

ಕಾರ್ಡಿನ ಕೆಳಗಡೆ ಇನ್ನೊಂದು ಸಾಲಿತ್ತು. ತಿದ್ದುಪಡಿ ಇದ್ದಲ್ಲಿ: ಊರು, ದಿನಾಂಕ, ವಿವರ. ಅವಳಿಗೆ ತಿಳಿದ ಮಟ್ಟಿಗೆ ಆ ಸಾಲನ್ನು ಯಾರೂ ಎಂದೂ ತುಂಬಿರಲಿಲ್ಲ. ತುಂಬಿದರೆ ಕಾರ್ಯದರ್ಶಿ ಅದನ್ನು ಎಂಟೂ ಊರಿಗೆ ಫೋನ್ ಮಾಡಿ ಹೇಳಬೇಕು, ಲೆಕ್ಕ ಹೊಸದಾಗಿ ಕಟ್ಟಬೇಕು, ಬೇಕಾದವರು ಮತ ಬದಲಿಸಬಹುದು. ಆಮೇಲೆ ಪ್ರತಿ ಭಾನುವಾರವೂ ಯಾರಾದರೊಬ್ಬರು ಅವಳ ಹೆಗಲ ಮೇಲಿಂದ ಇಣುಕುತ್ತಾರೆ. ಖಂಡಿತ ಇಣುಕುತ್ತಾರೆ.

"ಅತ್ತಿಗೆ, ಸೋಮವಾರ ಗುಂಡಿ ತಗೊಳ್ಳೋಕೆ ಹೋಗ್ತೀರೋ?" ಸಿಲ್ವೆಸ್ಟರ್ ಟೋಪಿ ತಲೆಗಿಡುತ್ತಾ ಎದ್ದ.

"ಈ ಸಲ ದಾರದುಂಡೆ."

"ಯಾವ ಬಣ್ಣ ಅಂತಾದ್ರೂ ಹೇಳಿ. ನಮ್ಮೂರ ನೀಲೀನಾ, ನಿಮ್ಮೂರ ಕೆಂಪಾ?"

"ಅವಳ ಹತ್ರ ಬಾಯಿ ಬಿಡಿಸೋಕಾಗಲ್ಲ ಬಿಡೋ," ಎಂದ ಲಿಯಾಂಡರ್ ಹೆಮ್ಮೆಯಿಂದ. "ಕಟ್ಟಿಕೊಂಡ ಗಂಡನಿಗೇ ಹೇಳಲ್ಲ. ಆದ್ರೆ ರಕ್ತಸಂಬಂಧ ಅಂತ ಒಂದಿರುತ್ತಲ್ಲ?"

ಅಣ್ಣತಮ್ಮಂದಿರು ವಾದಿಸುತ್ತಲೇ ಅಂಗಳಕ್ಕೆ ಇಳಿದರು. ಕಾರಿನ ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದ ಸದ್ದು. ನಾರ್ಬರ್ಟ್‌ನ ಎಡಗೈಯ ಬಗ್ಗೆ ಇನ್ನೂ ಏನೋ ಬಾಕಿ ಇತ್ತು.

ವೆರೀನಾ ಕೈ ಒರೆಸಿಕೊಂಡು ಹಸಿರು ಪುಸ್ತಕ ತಂದಳು. ಜೂನ್ ಎರಡನೆಯ ಭಾನುವಾರದ ಪುಟದಲ್ಲಿ ಗುರುತು ಎಂದಿನಂತೆ ಅಚ್ಚುಕಟ್ಟಾಗಿತ್ತು. ರಬ್ಬರ್ ಕೈಗೆತ್ತಿಕೊಂಡಳು, ಹಾಗೇ ಕೆಳಗಿಟ್ಟಳು. ಅಳಿಸುವುದಿಲ್ಲ, ಪಕ್ಕದಲ್ಲಿ ಬರೆಯುವುದು, ನೋಡಿದವರಿಗೆ ಎರಡೂ ಕಾಣುವಂತೆ. ಡ್ರಾಯರಿನಲ್ಲಿ ಪೆನ್ಸಿಲ್‌ಗಳ ಅಡಿಯಲ್ಲಿದ್ದ ಇಂಕ್ ಪೆನ್ನು ಹುಡುಕಿ, ಹಳೆ ಕಾಗದದ ಮೇಲೆ ಗೀಚಿ ನೋಡಿದಳು. ಬರೆಯುತ್ತಿತ್ತು.

ಕಾರ್ಡಿನ ಮೇಲುಗಡೆಯ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು, ಕೆಳಗಿನ ಸಾಲಿನಿಂದ ಶುರು ಮಾಡಿದಳು. ಮೊದಲು ಊರಿನ ಹೆಸರು, ಪೂರ್ತಿ ಅಕ್ಷರಗಳಲ್ಲಿ.

"ವೆರೀನಾ!" ಅಂಗಳದಿಂದ ಲಿಯಾಂಡರ್ ಕೂಗಿದ. "ಜಾಡಿ ಎಷ್ಟಾಯ್ತೇ?"

ಅವಳು ಕಿವಿಗೊಟ್ಟಳು. ಇನ್ನೊಂದು ಟಪ್. "ಆರು," ಎಂದಳು. "ಒಂದನ್ನ ಈಗಲೇ ತಿನ್ನಬೇಕು."